ತಾಳ ತಿದ್ದುವ ಗುಂಡಿ

ಅಕಾಯ್ ಕಂಪನಿಯ ಸ್ಯಾಂಪ್ಲರ್ ಯಂತ್ರ ಎಂಪಿಸಿ 3000 ಮಾರುಕಟ್ಟೆಗೆ ಬಂದದ್ದು 1994ರಲ್ಲಿ. ಮೈಮೇಲೆ 16 ರಬ್ಬರ್ ಪ್ಯಾಡುಗಳು. ಹಳೆಯ ರೆಕಾರ್ಡುಗಳಿಂದ ಕತ್ತರಿಸಿದ ತುಣುಕುಗಳನ್ನು ಅವಕ್ಕೆ ಹಂಚಿಟ್ಟರೆ ಬೆರಳ ತುದಿಯಲ್ಲೇ ಹಾಡು ಕಟ್ಟಬಹುದು. ಅದರಲ್ಲೊಂದು ಸೌಲಭ್ಯ ‘ಟೈಮಿಂಗ್ ಕರೆಕ್ಟ್’. ಬೆರಳು ಕೂದಲೆಳೆಯಷ್ಟು ಮುಂಚೆ ಬಿದ್ದರೂ ತಡವಾಗಿ ಬಿದ್ದರೂ ಯಂತ್ರವೇ ಆ ಪೆಟ್ಟನ್ನು ಎಳೆದು ಸರಿಯಾದ ಜಾಗದಲ್ಲಿ ಕೂರಿಸುತ್ತದೆ.

ಈ ತಿದ್ದುಪಡಿಗೆ ಪೂರ್ತಿ ಮಣಿಯದವನು ಡೆಟ್ರಾಯಿಟಿನ ಹಿಪ್‌ಹಾಪ್ ನಿರ್ಮಾಪಕ ಜೇ ಡಿಲ್ಲಾ.

ಮೂಲ ಹೆಸರು ಜೇಮ್ಸ್ ಡಿವಿಟ್ ಯಾನ್ಸಿ. ಹುಟ್ಟಿದ್ದು 1974ರ ಫೆಬ್ರುವರಿ 7ರಂದು. ತಂದೆ ಜಾಝ್ ಬೇಸ್ ವಾದಕ. ತಾಯಿ ಮೌರೀನ್ ಆಪೆರಾ ಕಲಿತವರು. ಎಂಪಿಸಿಯ ಪಾಠ ಹೇಳಿಕೊಟ್ಟವರು ಅವರ ಬಡಾವಣೆಯ ಕೀಬೋರ್ಡ್ ವಾದಕ ಆಂಪ್ ಫಿಡ್ಲರ್. ಮುಂದೆ ಸ್ಲಮ್ ವಿಲೇಜ್ ತಂಡ, ಎ ಟ್ರೈಬ್ ಕಾಲ್ಡ್ ಕ್ವೆಸ್ಟ್, ಕಾಮನ್ ಹೀಗೆ ಆತ ಕೆಲಸ ಮಾಡಿದವರ ಪಟ್ಟಿ ಬೆಳೆಯುತ್ತದೆ.

ಡಿಲ್ಲಾ ತಾಳ ತಿದ್ದುವ ಗುಂಡಿಯನ್ನು ಆಫ್ ಮಾಡಿ ಮನಬಂದಂತೆ ಬಡಿದ ಎಂಬ ಮಾತು ಅಭಿಮಾನಿಗಳಲ್ಲಿ ಪ್ರಚಲಿತ. 2022ರಲ್ಲಿ ಬಂದ ‘ಡಿಲ್ಲಾ ಟೈಮ್’ ಪುಸ್ತಕದಲ್ಲಿ ಡ್ಯಾನ್ ಚಾರ್ನಾಸ್ ಇದನ್ನು ಒಪ್ಪುವುದಿಲ್ಲ. ಹೈಹ್ಯಾಟ್ ಲೆಕ್ಕ ತಪ್ಪದೆ ನಡೆಯುತ್ತಿರುವಾಗಲೇ ಸ್ನೇರ್ ಡ್ರಮ್ಮನ್ನು ಚೂರು ಮುಂಚೆ ಬೀಳಿಸುವುದು, ಕಿಕ್ ಡ್ರಮ್ಮನ್ನು ಓಲಾಡಲು ಬಿಡುವುದು, ಎಲ್ಲವೂ ಬೇಕೆಂದೇ ಮಾಡಿದ್ದು. ತಾಳದ ಆರಂಭಕ್ಕೆ ಮುಂಚೆಯೋ ನಂತರವೋ ಹಾಡು ಎತ್ತಿಕೊಳ್ಳುವ ನಮ್ಮ ತಾಳಪದ್ಧತಿಯ ಅತೀತ, ಅನಾಗತ ಎಡುಪುಗಳು ಇಲ್ಲಿ ನೆನಪಾಗುತ್ತವೆ. ಆದರೆ ಅಲ್ಲಿ ಎಲ್ಲರೂ ಒಂದೇ ತಾಳಕ್ಕೆ ಬದ್ಧರು. ಇಲ್ಲಿ ಒಂದೊಂದು ವಾದ್ಯಕ್ಕೂ ತನ್ನದೇ ಗಡಿಯಾರ. ಅಳತೆ ತಪ್ಪದೆ ಡ್ರಮ್ ಬಾರಿಸುತ್ತಿದ್ದ ಕ್ವೆಸ್ಟ್‌ಲವ್, ಗಾಯಕ ಡಿ’ಆಂಜೆಲೊನ ‘ವೂಡೂ’ (2000) ಆಲ್ಬಮ್ಮಿಗಾಗಿ ಈ ಓಲಾಟವನ್ನು ಹೊಸದಾಗಿ ಕಲಿಯಬೇಕಾಯಿತು.

ದೊಡ್ಡ ಕಂಪನಿಗಳ ಜೊತೆ ಮಾತ್ರ ಆತನಿಗೆ ಕೂಡಿಬರಲಿಲ್ಲ. ಎಂಸಿಎ ಸಂಸ್ಥೆಗೆ ಮಾಡಿಕೊಟ್ಟ ಆಲ್ಬಮ್ ಕಪಾಟು ಸೇರಿತು. ಅದು ‘ದಿ ಡೈರಿ’ ಹೆಸರಿನಲ್ಲಿ ಹೊರಬರುವಾಗ 2016. ಇತ್ತ 2003ರಲ್ಲಿ ಡಿಲ್ಲಾ ತನ್ನ ಪಾಡಿಗೆ ‘ರಫ್ ಡ್ರಾಫ್ಟ್’ ಹೊರತಂದ. ಕ್ಯಾಸೆಟ್ಟಿನ ಒರಟುತನವನ್ನು ಉಜ್ಜಿ ತೆಗೆಯದ ಧ್ವನಿಮುದ್ರಿಕೆ ಅದು. ನುಣುಪು ಬೇಕಾದವರು ಬೇರೆ ಕಡೆ ಹೋಗಲಿ ಎಂಬ ಧಾಟಿ.

ಕೊನೆಯ ವರ್ಷಗಳಲ್ಲಿ ಲೂಪಸ್ ಮತ್ತು ಅಪರೂಪದ ರಕ್ತದ ಕಾಯಿಲೆ ಮೈ ಹಿಂಡಿದವು. ಲಾಸ್ ಏಂಜಲೀಸಿನ ಆಸ್ಪತ್ರೆಯ ಹಾಸಿಗೆಗೇ ಸಣ್ಣ ರೆಕಾರ್ಡ್ ಪ್ಲೇಯರ್, ಸ್ಯಾಂಪ್ಲರ್ ಬಂದವು. ಬಾತುಕೊಂಡ ಬೆರಳುಗಳನ್ನು ತಾಯಿ ನೀವುತ್ತಿದ್ದರು. ‘ಡೋನಟ್ಸ್’ ಆಲ್ಬಮ್ ಪೂರ್ತಿ ಅಲ್ಲೇ ತಯಾರಾಯಿತು ಎನ್ನುವುದು ದಂತಕಥೆ. ಹೆಚ್ಚಿನ ಕೆಲಸ ಮೊದಲೇ ಆಗಿತ್ತು. ಅದರ ‘ಡೋಂಟ್ ಕ್ರೈ’ ಕೇಳಬೇಕು. ಎಸ್ಕಾರ್ಟ್ಸ್ ತಂಡದ ಹಳೆಯ ಸೋಲ್ ಹಾಡನ್ನು ಮೊದಲು ಇದ್ದಂತೆಯೇ ಹರಿಯಬಿಡುತ್ತಾನೆ, ಆಮೇಲೆ ಅದನ್ನೇ ಚೂರು ಮಾಡಿ ಹೊಸ ಕ್ರಮದಲ್ಲಿ ಜೋಡಿಸುತ್ತಾನೆ. ಕಸುಬಿನ ಗುಟ್ಟನ್ನು ಎದುರೇ ಬಿಚ್ಚಿಟ್ಟರೂ ನಕಲು ಮಾಡಲು ಬಾರದು.

31 ತುಣುಕುಗಳ ಆ ಆಲ್ಬಮ್ 2006ರಲ್ಲಿ ಆತನ ಹುಟ್ಟುಹಬ್ಬದಂದೇ ಬಿಡುಗಡೆಯಾಯಿತು. ಮೂರೇ ದಿನಕ್ಕೆ ಡಿಲ್ಲಾ ತೀರಿಕೊಂಡ. ವಯಸ್ಸು 32.

ಆತನ ಎಂಪಿಸಿ ಈಗ ವಾಷಿಂಗ್ಟನ್ನಿನ ಸ್ಮಿತ್ಸೋನಿಯನ್ ಸಂಗ್ರಹದಲ್ಲಿದೆ. ಸಂಗೀತದ ಸಾಫ್ಟ್‌ವೇರುಗಳಲ್ಲಿ ನೆಟ್ಟಗಿನ ತಾಳವನ್ನು ಓಲಾಡಿಸುವುದಕ್ಕೇ ‘ಹ್ಯೂಮನೈಸ್’ ಎಂಬ ಸಿದ್ಧ ಗುಂಡಿ ಬಂದಿದೆ. ಅದು ಪೆಟ್ಟುಗಳನ್ನು ಲಾಟರಿ ಎತ್ತಿದಂತೆ ಅತ್ತಿತ್ತ ಸರಿಸುತ್ತದೆ, ಅಷ್ಟೆ. ಯಾವ ಸ್ನೇರ್ ಎಷ್ಟು ಮುಂಚೆ ಬೀಳಬೇಕೆಂದು ಡೆಟ್ರಾಯಿಟಿನ ನೆಲಮಾಳಿಗೆಯಲ್ಲಿ ಕೂತು ಕಿವಿಯಿಂದಲೇ ತೂಗಿದವನ ಕೆಲಸ ಅದರಲ್ಲಿ ಎಲ್ಲಿ ಸಿಗಬೇಕು?