ಜಪಾನಿನ ಸುಗಂಧ ಸೊಪ್ಪು – ಶಿಸೊ

ಊಟದ ಎಲೆಯ ತುದಿಗೆ ಉಪ್ಪಿನಕಾಯಿ ಬಡಿಸುವುದು ನಮ್ಮಲ್ಲಿ ರೂಢಿ. ಜಪಾನೀಯರ ಊಟದಲ್ಲಿ ಅಂಥ ಸ್ಥಾನ ಉಮೆಬೊಶಿ ಎಂಬ ಕೆಂಪು ಉಪ್ಪುಹಣ್ಣಿಗೆ ಸಲ್ಲುತ್ತದೆ. ಆದರೆ ಆ ಕೆಂಪು ಹಣ್ಣಿನದಲ್ಲ. ಶಿಸೊ ಎಂಬ ಸೊಪ್ಪಿನದು.

ಶಿಸೊ ನಮ್ಮ ತುಳಸಿ, ಕಾಮಕಸ್ತೂರಿ, ದೊಡ್ಡಪತ್ರೆ, ಪುದೀನಗಳ ಕುಟುಂಬಕ್ಕೇ ಸೇರಿದ ಗಿಡ. ಸಸ್ಯಶಾಸ್ತ್ರದಲ್ಲಿ ಇದರ ಹೆಸರು ಪೆರಿಲ್ಲಾ ಫ್ರುಟೆಸೆನ್ಸ್. ಕಾಂಡ ಚೌಕ, ಎಲೆ ಅಗಲ, ಅಂಚು ಗರಗಸದ ಹಲ್ಲಿನಂತೆ. ಹಸಿರು ಎಲೆಯನ್ನು ಹಸಿ ಮೀನಿನ ಜೊತೆಗೆ ಬಡಿಸುತ್ತಾರೆ. ಹಿಟ್ಟಿನಲ್ಲಿ ಅದ್ದಿ ನಮ್ಮ ಬಜ್ಜಿಯಂತೆ ಕರಿಯುವುದೂ ಉಂಟು. ಪೆರಿಲ್ಲಾಲ್ಡಿಹೈಡ್ ಎಂಬ ವಸ್ತುವಿನಿಂದ ಇದಕ್ಕೆ ಆ ವಿಶಿಷ್ಟ ಪರಿಮಳ.

ಉಪ್ಪುಹಣ್ಣಿಗೆ ಬಳಸುವುದು ಕೆಂಪು ಶಿಸೊ. ಉಮೆ ಎಂಬುದು ಜರ್ದಾಳು ಹಣ್ಣಿನ ಹತ್ತಿರದ ಬಂಧು. ಜೂನ್ ತಿಂಗಳಲ್ಲಿ, ಮಳೆಗಾಲದಲ್ಲಿ, ಅದು ಹಣ್ಣಾಗುತ್ತದೆ. ಹಳೆಯ ಪದ್ಧತಿಯಲ್ಲಿ ಹಣ್ಣಿನ ತೂಕದ ಸುಮಾರು ಐದನೆಯ ಒಂದು ಪಾಲು ಉಪ್ಪು ಬೆರೆಸಿ, ಮೇಲೆ ಭಾರವಿಟ್ಟರೆ, ಕೆಲವು ದಿನಗಳಲ್ಲಿ ಹುಳಿನೀರು ಬಿಟ್ಟುಕೊಳ್ಳುತ್ತದೆ. ಅನಂತರ ಶಿಸೊ ಎಲೆಗಳನ್ನು ಉಪ್ಪಿನಲ್ಲಿ ತಿಕ್ಕಿ, ಮೊದಲು ಬರುವ ಕಪ್ಪು ರಸವನ್ನು ಹಿಂಡಿ ಚೆಲ್ಲಿ, ಹುಳಿನೀರಿಗೆ ಹಾಕುತ್ತಾರೆ. ಮಂಕಾಗಿದ್ದ ಎಲೆಯಿಂದ ಕೂಡಲೇ ಉಜ್ವಲ ಕೆಂಪು ಹೊರಡುತ್ತದೆ.

ಇದಕ್ಕೆ ಕಾರಣ ಎಲೆಯಲ್ಲಿರುವ ಆಂಥೋಸಯನಿನ್ ಎಂಬ ಬಣ್ಣ. ಹುಳಿ ಸೋಕಿದರೆ ಅದು ಕೆಂಪಾಗುತ್ತದೆ. ಅರಿಸಿನಕ್ಕೆ ಸುಣ್ಣ ಬೆರೆತರೆ ಓಕುಳಿ ಕೆಂಪಾಗುವುದನ್ನು ನಮ್ಮ ಗೃಹಿಣಿಯರೆಲ್ಲ ಬಲ್ಲರು. ಅಲ್ಲಿ ಕೆಲಸ ಮಾಡುವುದು ಕ್ಷಾರ, ಇಲ್ಲಿ ಆಮ್ಲ, ಅಷ್ಟೇ ಭೇದ. ಮಳೆ ನಿಂತ ಮೇಲೆ ಹಣ್ಣುಗಳನ್ನು ಮೂರು ದಿನ ಬಿಸಿಲಿಗೆ ಒಣಗಿಸಿ ಭರಣಿಗೆ ತುಂಬುತ್ತಾರೆ. ಉಪ್ಪು ಹುಳಿಗಳ ಬಲದಿಂದ ಅವು ವರ್ಷಗಟ್ಟಲೆ ಕೆಡುವುದಿಲ್ಲ.

ಈ ಗಿಡ ನಮ್ಮ ದೇಶಕ್ಕೆ ತೀರ ಅಪರಿಚಿತವೇನೂ ಅಲ್ಲ. ಇದೇ ಜಾತಿಯ ಇನ್ನೊಂದು ಬಗೆಯನ್ನು ಉತ್ತರಾಖಂಡದಲ್ಲಿ ಭಂಗ್‌ಜೀರಾ ಎನ್ನುತ್ತಾರೆ. ಬೀಜವನ್ನು ಹುರಿದು ಚಟ್ನಿ ಅರೆಯುತ್ತಾರೆ. ಇಂಥ ಬೀಜದ ಎಣ್ಣೆಯಿಂದಲೇ ಹಿಂದಿನ ಕಾಲದಲ್ಲಿ ಜಪಾನಿನ ದೀಪಗಳು ಉರಿಯುತ್ತಿದ್ದವು.

ಆದರೆ ಇಲ್ಲಿ ಒಂದು ಎಚ್ಚರಿಕೆ ಅಗತ್ಯ. ಈ ಜಾತಿಯ ಕೆಲವು ಗಿಡಗಳಲ್ಲಿ ಆ ಪರಿಮಳದ ವಸ್ತುವಿಗೆ ಬದಲು ಪೆರಿಲ್ಲಾ ಕೀಟೋನ್ ಎಂಬ ವಿಷವಿರುತ್ತದೆ. ಅಮೆರಿಕದಲ್ಲಿ ತೋಟಗಳಿಂದ ತಪ್ಪಿಸಿಕೊಂಡು ಕಳೆಯಾಗಿ ಹಬ್ಬಿದ ಇಂಥ ಗಿಡಗಳನ್ನು ಮೇಯ್ದ ದನಗಳು ಶ್ವಾಸಕೋಶದಲ್ಲಿ ನೀರು ತುಂಬಿ, ಉಸಿರುಕಟ್ಟಿ ಸತ್ತಿವೆ. ಬರಿಯ ನೋಟದಿಂದ ಎರಡನ್ನೂ ಬೇರ್ಪಡಿಸುವುದು ಕಷ್ಟ. ಆದುದರಿಂದ ಕುಂಡದಲ್ಲಿ ಬೆಳೆಸುವ ಹವ್ಯಾಸವುಳ್ಳವರು ಅಡಿಗೆಯ ತಳಿಯ ಬೀಜವನ್ನೇ, ನಂಬಿಕೆಯುಳ್ಳವರಿಂದ ಪಡೆಯಬೇಕು. ಬೀಜ ಮೊಳೆಯಲು ಬೆಳಕು ಬೇಕಾದುದರಿಂದ ಮೇಲೆ ಮಣ್ಣು ತೆಳುವಾಗಿರಲಿ. ಹಿತ್ತಿಲಲ್ಲಿ ಹಸು ಕಟ್ಟಿದವರು ಇದರ ಸೊಪ್ಪು ಕಡ್ಡಿಗಳು ಗೋದಲಿಗೆ ಬೀಳದಂತೆ ನೋಡಿಕೊಳ್ಳಬೇಕು.