ಶ್ರೀರಂಗಪಟ್ಟಣಕ್ಕೆ ಹಳ್ಳಿ ದಾರಿ

ಕರಾವಳಿಯ ಕ್ರೈಸ್ತ ಮನೆಗಳಲ್ಲಿ ಶ್ರೀರಂಗಪಟ್ಟಣವೆಂದರೆ ಮೊದಲು ನೆನಪಾಗುವುದು ಸೆರೆವಾಸ. 1784ರಲ್ಲಿ ಟಿಪ್ಪು ಸುಲ್ತಾನನ ಸೈನಿಕರು ಕೆನರಾದ ಕ್ರೈಸ್ತರನ್ನು ಹಿಡಿದು, ಘಟ್ಟ ಹತ್ತಿಸಿ ಇಲ್ಲಿಗೆ ಒಯ್ದರು. ಅನೇಕರು ದಾರಿಯಲ್ಲೇ ಮಡಿದರು. ಉಳಿದವರಿಗೆ ಬಿಡುಗಡೆಯಾದದ್ದು 1799ರಲ್ಲಿ. ಆದರೆ ನಮ್ಮವರಲ್ಲಿ ಹೆಚ್ಚಿನವರು ಮೈಸೂರಿಗೆ ಹೋಗುವಾಗ ಕೋಟೆ, ಗುಂಬಜ್ ಎಂದು ಎರಡು ಗಂಟೆಯಲ್ಲಿ ನೋಡಿ ಮುಗಿಸುತ್ತಾರೆ. ಆ ನೆಲವನ್ನು ನಿಜವಾಗಿ ನೋಡಬೇಕಾದರೆ ಎರಡು ದಿನ ಬೇಕು, ಹೆದ್ದಾರಿಯನ್ನೂ ಬಿಡಬೇಕು.

ಶಿರಾಡಿ ಘಾಟಿ, ಹಾಸನ ದಾಟಿ ಚನ್ನರಾಯಪಟ್ಟಣದಲ್ಲಿ ಬಲಕ್ಕೆ ತಿರುಗಿ. ಮೊದಲು ಸಿಗುವ ಕಿಕ್ಕೇರಿ ಕವಿ ಕೆ.ಎಸ್. ನರಸಿಂಹಸ್ವಾಮಿ ಹುಟ್ಟಿದ ಊರು. ಇಲ್ಲಿನ ಬ್ರಹ್ಮೇಶ್ವರ ಗುಡಿ 1171ರದು. ಮುಂದೆ ಕೆ.ಆರ್. ಪೇಟೆ, ಪಕ್ಕದ ಹೊಸಹೊಳಲಿನಲ್ಲಿ ಇನ್ನೊಂದು ಹೊಯ್ಸಳ ದೇಗುಲವಿದೆ. ಅಡಿಕೆ ತೋಟ ನೋಡಿ ಬೆಳೆದ ಕಣ್ಣಿಗೆ ಇಲ್ಲಿನ ಕಬ್ಬು, ಭತ್ತ, ರಾಗಿ ಹೊಲಗಳ ಬಯಲು ಹೊಸತೆನಿಸುತ್ತದೆ.

ಚಿನಕುರಳಿ ಮೂಲಕ ಪಾಂಡವಪುರಕ್ಕೆ ಬನ್ನಿ. ಹೈದರ್, ಟಿಪ್ಪು ಸೇವೆಯಲ್ಲಿದ್ದ ಫ್ರೆಂಚ್ ಸೈನಿಕರು ಬೀಡುಬಿಟ್ಟಿದ್ದರಿಂದ ಈ ಊರಿಗೆ ಹಿಂದೆ ಫ್ರೆಂಚ್ ರಾಕ್ಸ್ ಎಂಬ ಹೆಸರಿತ್ತು. ನಡೆಯುವ ಆಸೆಯಿದ್ದವರು ಬೆಳಗ್ಗೆ ಬಿಸಿಲೇರುವ ಮೊದಲೇ ಕುಂತಿ ಬೆಟ್ಟ ಹತ್ತಬೇಕು. ಬಂಡೆಗಳು ಕಾದ ಮೇಲೆ ಹತ್ತುವುದು ಕಷ್ಟ. ಬೆಟ್ಟಗಳ ನಡುವೆ ಹರಡಿರುವ ತೊಣ್ಣೂರು ಕೆರೆಯ ಬಳಿ ಸಂಜೆ ಕಳೆಯಬಹುದು.

ಶ್ರೀರಂಗಪಟ್ಟಣದಲ್ಲಿ ರಂಗನತಿಟ್ಟು ತಪ್ಪಿಸಬೇಡಿ. ಪಕ್ಷಿತಜ್ಞ ಸಲೀಂ ಅಲಿಯವರ ಸಲಹೆಯಂತೆ 1940ರಲ್ಲಿ ಮೈಸೂರು ಅರಸರು ಇದನ್ನು ಪಕ್ಷಿಧಾಮವಾಗಿಸಿದರು. 2022ರಲ್ಲಿ ರಾಮ್ಸರ್ ಪಟ್ಟಿಗೂ ಸೇರಿತು. ದೋಣಿಯಲ್ಲಿ ಕುಳಿತರೆ ಹೆಜ್ಜಾರ್ಲೆ, ಬಣ್ಣದ ಕೊಕ್ಕರೆಗಳ ಗೂಡುಗಳು ಹತ್ತಿರದಲ್ಲೇ ಕಾಣುತ್ತವೆ, ಬಂಡೆಯ ಮೇಲೆ ಮೊಸಳೆಯೂ. ಮಳೆಗಾಲದಲ್ಲಿ ಕೆ.ಆರ್.ಎಸ್. ಅಣೆಕಟ್ಟೆಯಿಂದ ಹೆಚ್ಚು ನೀರು ಬಿಟ್ಟಾಗ ದೋಣಿ ನಿಲ್ಲುತ್ತದೆ. ಗೂಡು ನೋಡಲು ಫೆಬ್ರವರಿ, ಮಾರ್ಚ್ ಒಳ್ಳೆಯದು. ಸಂಗಮದಲ್ಲಿ ಮಾತ್ರ, ಈಜು ಬಲ್ಲೆವೆಂಬ ಧೈರ್ಯದಿಂದ ನೀರಿಗಿಳಿಯಬೇಡಿ. ಕಾವೇರಿಯ ಸುಳಿ ಮೇಲಿಂದ ಕಾಣುವುದಿಲ್ಲ.

ಗಂಜಾಂನಲ್ಲಿ ಅಬ್ಬೆ ದ್ಯುಬುವಾ ಅವರ ಹೆಸರಿನಿಂದ ಗುರುತಿಸುವ ಚರ್ಚ್ ಇದೆ. ಟಿಪ್ಪು ಮಡಿದ ಬಳಿಕ ಚದುರಿದ್ದ ಕ್ರೈಸ್ತರನ್ನು ಮತ್ತೆ ಒಟ್ಟುಗೂಡಿಸಲು ಬಂದ ಫ್ರೆಂಚ್ ಧರ್ಮಗುರು ಅವರು. ಪೂರ್ವಜರ ನೆನಪಿಗೆ ಅಲ್ಲಿ ಸ್ವಲ್ಪ ಹೊತ್ತು ಕೂರಬಹುದು.

ವಾಪಸಾಗುವಾಗ ನಾಗಮಂಗಲದ ರಸ್ತೆ ಹಿಡಿಯಿರಿ. ಸೌಮ್ಯಕೇಶವ ದೇವಾಲಯ ಊರೊಳಗೇ ಇದೆ. ಕಾರ್ಕಳ, ಮೂಡಬಿದಿರೆಯ ಮಾನಸ್ತಂಭ ಕಂಡವರಿಗೆ ಕಂಬದಹಳ್ಳಿಯ ಬಸದಿ ಇಷ್ಟವಾದೀತು. ಬೆಳ್ಳೂರು ಕ್ರಾಸಿನಲ್ಲಿ ಮಂಗಳೂರು ಹೆದ್ದಾರಿ ಮತ್ತೆ ಸಿಗುತ್ತದೆ. ಶಿರಾಡಿಯನ್ನು ಬೆಳಕಿರುವಾಗಲೇ ಇಳಿಯುವಂತೆ ಹೊರಡಿ. ಮಳೆಗಾಲದಲ್ಲಿ ಗುಡ್ಡ ಕುಸಿದು ರಸ್ತೆ ಮುಚ್ಚುವುದುಂಟು, ಮೊದಲೇ ವಿಚಾರಿಸಿಕೊಳ್ಳಿ.