ಇಂಗ್ಲಿಷ್ ಪದಗಳ ಕೊನೆಯ ಮೂಕ ‘ಇ’

ಕನ್ನಡ ಮಾಧ್ಯಮದ ವಿದ್ಯಾರ್ಥಿಗಳನ್ನು ಇಂಗ್ಲಿಷ್ ಪಾಠದಲ್ಲಿ ಹೆಚ್ಚಾಗಿ ಕಾಡುವ ಅಕ್ಷರ ಯಾವುದೆಂದು ಕೇಳಿದರೆ ‘ಇ’ ಎಂದೇ ಹೇಳಬೇಕು. ಅದೂ ಪದದ ಕೊನೆಯಲ್ಲಿ ಬರುವ ‘ಇ’. ನೇಮ್, ಟೈಮ್, ಹೋಮ್, ಲೈನ್, ಕೇಕ್, ಟ್ಯೂಬ್ – ಇವೆಲ್ಲ ನಾವು ದಿನವೂ ಆಡುವ ಚಿಕ್ಕ ಪದಗಳು. ಆಡುವಾಗ ಕೊನೆಯ ‘ಇ’ ಕೇಳಿಸುವುದಿಲ್ಲ. ಬರೆಯುವಾಗ ಅದು ಬೇಕೇ ಬೇಕು. ಬಿಟ್ಟರೆ ಅಂಕ ಹೋಗುತ್ತದೆ. ಓದುವಾಗ ಅದನ್ನೂ ಉಚ್ಚರಿಸಿ ‘ನಾಮೆ’ ಎಂದರೆ ತರಗತಿಯೇ ನಗುತ್ತದೆ. ಒಮ್ಮೆ ನಗೆಗೀಡಾದ ಮಗು ಮತ್ತೆ ಬಾಯಿ ತೆರೆದು ಓದಲು ಅಂಜುತ್ತದೆ. “ಕನ್ನಡ ಮಾಧ್ಯಮಕ್ಕೆ ಸೇರಿಸಿದ್ದೇ ತಪ್ಪಾಯಿತೋ ಏನೋ” ಎಂದು ಮನೆಯಲ್ಲಿ ಹೆತ್ತವರು ಚಿಂತಿಸುತ್ತಾರೆ. ಈ ಮೂಕ ಅಕ್ಷರದ ಮರ್ಮವನ್ನು ತಿಳಿದುಕೊಂಡರೆ ಅಂಜಿಕೆಗೂ ಚಿಂತೆಗೂ ಎಡೆಯಿಲ್ಲ. ಅದನ್ನು ತಿಳಿಯಲು ಕನ್ನಡವೇ ನಮಗೆ ನೆರವಾಗುತ್ತದೆ.

ಕನ್ನಡದಲ್ಲಿ ಹ್ರಸ್ವಕ್ಕೊಂದು ಅಕ್ಷರ, ದೀರ್ಘಕ್ಕೊಂದು ಅಕ್ಷರ. ಇಂಗ್ಲಿಷಿನಲ್ಲಿ ಸ್ವರಾಕ್ಷರಗಳು ಐದೇ – ಎ, ಇ, ಐ, ಒ, ಯು. ಸ್ವರಧ್ವನಿಗಳಾದರೋ ಅದರ ಎರಡರಷ್ಟಕ್ಕಿಂತಲೂ ಹೆಚ್ಚು. ಆದುದರಿಂದ ಒಂದೇ ಅಕ್ಷರ ಎರಡು ಮೂರು ಕೆಲಸ ಮಾಡಬೇಕಾಗುತ್ತದೆ. ಎಲ್ಲಿ ಯಾವ ಕೆಲಸ ಎಂದು ತಿಳಿಸುವ ಕಾವಲುಗಾರನೇ ಕೊನೆಯ ‘ಇ’.

‘ಟಿ-ಎ-ಪಿ’ ಎಂದು ಬರೆದರೆ ಟ್ಯಾಪ್, ಅಂದರೆ ನೀರಿನ ನಳ್ಳಿ. ಕೊನೆಗೆ ‘ಇ’ ಸೇರಿಸಿದರೆ ಟೇಪ್. ‘ಕೆ-ಐ-ಟಿ’ ಕಿಟ್, ‘ಇ’ ಸೇರಿದರೆ ಕೈಟ್, ಗಾಳಿಪಟ. ‘ಎಚ್-ಒ-ಪಿ’ ಹಾಪ್, ಕುಪ್ಪಳಿಸುವುದು. ‘ಇ’ ಸೇರಿದರೆ ಹೋಪ್, ಭರವಸೆ. ‘ಟಿ-ಯು-ಬಿ’ ಟಬ್, ‘ಇ’ ಸೇರಿದರೆ ಟ್ಯೂಬ್. ನೋಡಿ, ‘ಇ’ ಬಂದೊಡನೆ ನಡುವಿನ ಸ್ವರಾಕ್ಷರ ವರ್ಣಮಾಲೆಯಲ್ಲಿರುವ ತನ್ನ ಹೆಸರನ್ನೇ ಹೇಳತೊಡಗುತ್ತದೆ.

ನಮ್ಮ ಲಿಪಿಯಲ್ಲಿಯೂ ಇಂಥದೊಂದು ಮೂಕ ಗುರುತು ಇದೆ. ‘ಕಿ’ಯ ಮುಂದೆ ದೀರ್ಘದ ಗುರುತನ್ನಿಟ್ಟರೆ ‘ಕೀ’, ‘ಕೊ’ದ ಮುಂದಿಟ್ಟರೆ ‘ಕೋ’. ಆ ಗುರುತಿಗೆ ತನ್ನದೇ ಆದ ಧ್ವನಿಯಿಲ್ಲ. ಹಿಂದಿನ ಸ್ವರವನ್ನು ಎಳೆಯಿರಿ ಎಂದಷ್ಟೇ ಅದು ಹೇಳುತ್ತದೆ. ಇಂಗ್ಲಿಷಿನ ಮೂಕ ‘ಇ’ಯೂ ಅಂಥ ಗುರುತೇ. ವ್ಯಂಜನವೊಂದನ್ನು ದಾಟಿ ಆಚೆ ನಿಂತಿರುವುದರಿಂದ ನಮಗೆ ಗೊಂದಲವಾಗುತ್ತದೆ, ಅಷ್ಟೆ.

ಹೀಗೇಕಾಯಿತು? ಈ ‘ಇ’ ಹುಟ್ಟು ಮೂಕವಲ್ಲ. 1400ರಲ್ಲಿ ತೀರಿಕೊಂಡ ಕವಿ ಚಾಸರನ ಕಾಲದ ಇಂಗ್ಲಿಷಿನಲ್ಲಿ ‘ನೇಮ್’ ಎಂಬುದನ್ನು ಸುಮಾರಾಗಿ ‘ನಾಮೆ’ ಎಂದೂ, ‘ಟೈಮ್’ ಎಂಬುದನ್ನು ‘ಟೀಮೆ’ ಎಂದೂ ಉಚ್ಚರಿಸುತ್ತಿದ್ದರು. ನಮ್ಮ ‘ನಾಮ’ವೂ ಅವರ ‘ನೇಮ್’ ಕೂಡ ಒಂದೇ ಮೂಲದಿಂದ ಹುಟ್ಟಿದ ಪದಗಳು. ಮುಂದೆ ಕೊನೆಯ ಸ್ವರ ಸವೆದು ಬಿದ್ದುಹೋಯಿತು. ನಡುವಿನ ದೀರ್ಘ ಸ್ವರಗಳ ಉಚ್ಚಾರವೂ ಮೆಲ್ಲಮೆಲ್ಲನೆ ಬದಲಾಯಿತು. 1476ರಲ್ಲಿ ವಿಲಿಯಂ ಕ್ಯಾಕ್ಸ್ಟನ್ ಇಂಗ್ಲೆಂಡಿನಲ್ಲಿ ಮುದ್ರಣಾಲಯ ತೆರೆದ ಮೇಲೆ ಬರವಣಿಗೆ ಕ್ರಮೇಣ ಸ್ಥಿರವಾಗುತ್ತ ಬಂತು. ನಾಲಿಗೆ ಬಿಟ್ಟ ಅಕ್ಷರ ಕಾಗದದಲ್ಲಿ ಉಳಿಯಿತು. 1582ರಲ್ಲಿ ರಿಚರ್ಡ್ ಮಲ್ಕಾಸ್ಟರ್ ಎಂಬ ಶಾಲಾ ಅಧ್ಯಾಪಕರು ತಮ್ಮ ಪುಸ್ತಕದಲ್ಲಿ ಈ ಕೊನೆಯ ‘ಇ’ಯ ಬಳಕೆಗೆ ನಿಯಮವನ್ನು ವಿವರಿಸಿದರು. ಆದ್ದರಿಂದ ‘ನಾಮೆ’ ಎಂದು ಓದಿದ ಮಗುವನ್ನು ನೋಡಿ ನಗಬೇಕಾದುದಿಲ್ಲ. ಅದು ಆರುನೂರು ವರ್ಷಗಳ ಹಿಂದಿನ ಇಂಗ್ಲಿಷರಂತೆ ಓದಿದೆ. ಇಂದಿನ ಉಚ್ಚಾರವನ್ನು ಹೇಳಿಕೊಟ್ಟರೆ ಸಾಕು.

ಇಂಗ್ಲಿಷ್ ಪದದ ಕೊನೆಯಲ್ಲಿ ಸ್ವರವನ್ನು ಕಳೆದುಕೊಂಡರೆ, ಕನ್ನಡ ಸ್ವರವನ್ನು ಪಡೆಯಿತು. ಹಳಗನ್ನಡದ ಪಲ್, ಪಾಲ್, ಕಲ್, ಕಾಲ್ ಇವು ಹೊಸಗನ್ನಡದಲ್ಲಿ ಹಲ್ಲು, ಹಾಲು, ಕಲ್ಲು, ಕಾಲು ಆದವು. ನಮ್ಮ ಕಾಸರಗೋಡಿನ ಮಕ್ಕಳು ಪೇಟೆಯಲ್ಲಿ ಮಲಯಾಳ ಕೇಳುವವರು. ‘ಪಾಲ್’, ‘ಕಾಲ್’ ಅಲ್ಲಿ ಇಂದಿಗೂ ಇವೆ. ಇಲ್ಲಿ ಇನ್ನೊಂದು ಸೂಕ್ಷ್ಮವನ್ನು ಗಮನಿಸಿರಿ. ಹ್ರಸ್ವವಿರುವ ‘ಕಲ್’ ಒತ್ತಕ್ಷರ ಪಡೆದು ‘ಕಲ್ಲು’ ಆಯಿತು. ದೀರ್ಘವಿರುವ ‘ಕಾಲ್’ ಒತ್ತಿಲ್ಲದೆ ‘ಕಾಲು’ ಆಯಿತು. ಇಂಗ್ಲಿಷ್ ಸ್ಪೆಲ್ಲಿಂಗಿನಲ್ಲಿಯೂ ಹೀಗೆಯೇ. ‘ಹಾಪ್’ಗೆ ‘ಇಂಗ್’ ಸೇರಿಸುವಾಗ ಎರಡು ‘ಪಿ’ ಬರೆಯಬೇಕು; ‘ಹೋಪ್’ಗೆ ಸೇರಿಸುವಾಗ ‘ಇ’ಯನ್ನು ತೆಗೆದು ಒಂದೇ ‘ಪಿ’ ಬರೆಯಬೇಕು. ‘ಟ್ಯಾಪ್’, ‘ಟೇಪ್’ ಪದಗಳಿಗೂ ಇದೇ ಕ್ರಮ. ಕಲ್ಲು–ಕಾಲು ನೆನಪಿದ್ದರೆ ಇದು ಮರೆಯುವಂತಿಲ್ಲ.

ಈ ‘ಇ’ಗೆ ಬೇರೆ ಕೆಲಸಗಳೂ ಉಂಟು. ‘ಸಿ’ ಅಕ್ಷರವನ್ನು ‘ಕ’ ಎನ್ನದೆ ‘ಸ’ ಎಂದೂ, ‘ಜಿ’ ಅಕ್ಷರವನ್ನು ‘ಗ’ ಎನ್ನದೆ ‘ಜ’ ಎಂದೂ ಓದಬೇಕೆಂದು ಅದು ತಿಳಿಸುತ್ತದೆ – ಡಾನ್ಸ್, ಲಾರ್ಜ್. ‘ಪೇಜ್’ ಎಂಬಲ್ಲಿ ಒಂದೇ ‘ಇ’ ಎರಡೂ ಕೆಲಸ ಮಾಡುತ್ತದೆ. ಇನ್ನು ಹ್ಯಾವ್, ಗಿವ್, ಲವ್ ಪದಗಳಲ್ಲಿ ‘ಇ’ ಇದ್ದರೂ ಸ್ವರ ಬದಲಾಗಿಲ್ಲವಲ್ಲ ಎಂದು ಕೇಳಬಹುದು. ಹಿಂದೆ ‘ಯು’ ಮತ್ತು ‘ವಿ’ ಒಂದೇ ಅಕ್ಷರದ ಎರಡು ರೂಪಗಳಾಗಿದ್ದವು. ಅಲ್ಲಿರುವುದು ವ್ಯಂಜನ ಎಂದು ತೋರಿಸಲು ‘ಇ’ ನೆರವಾಗುತ್ತಿತ್ತು. ಹೀಗೆ ‘ವಿ’ಯ ಬಳಿಕ ‘ಇ’ ಬರೆಯುವ ರೂಢಿ ನಿಂತುಬಿಟ್ಟಿತು. ಕಮ್, ಸಮ್, ಡನ್, ಗಾನ್ ಮುಂತಾದ ಕೆಲವು ಪದಗಳು ನಿಯಮಕ್ಕೆ ಸಿಕ್ಕುವುದಿಲ್ಲ. ಅವನ್ನು ಬಾಯಿಪಾಠ ಮಾಡುವುದೇ ದಾರಿ.

ವಿದ್ಯಾರ್ಥಿಗಳೇ, ಒಂದು ಪುಟದಲ್ಲಿ ಗೆರೆ ಎಳೆದು, ಎಡಗಡೆ ‘ಇ’ ಇಲ್ಲದ ಪದ, ಬಲಗಡೆ ‘ಇ’ ಇರುವ ಪದ, ಹೀಗೆ ದಿನಕ್ಕೆ ಐದು ಜೋಡಿ ಬರೆಯಿರಿ, ಗಟ್ಟಿಯಾಗಿ ಓದಿರಿ. ಪಾಠಪುಸ್ತಕದಲ್ಲಿಯೇ ಬೇಕಾದಷ್ಟು ಜೋಡಿಗಳು ಸಿಗುತ್ತವೆ. ತಂದೆತಾಯಂದಿರೇ, ನಿಮಗೆ ಇಂಗ್ಲಿಷ್ ಬಾರದಿದ್ದರೂ ಚಿಂತೆಯಿಲ್ಲ. ಮಕ್ಕಳು ಓದುವಾಗ ಹತ್ತಿರ ಕುಳಿತು, ಎರಡು ಪದಗಳೂ ಬೇರೆ ಬೇರೆಯಾಗಿ ಕೇಳಿಸುತ್ತವೆಯೇ ಎಂದು ಕಿವಿಗೊಡಿರಿ. ಹ್ರಸ್ವ ದೀರ್ಘಗಳ ಭೇದ ಕನ್ನಡ ಬಲ್ಲ ಕಿವಿಗೆ ಚೆನ್ನಾಗಿ ತಿಳಿಯುತ್ತದೆ. ಮಗ್ಗಿ ಕಲಿಸಿದ ತಾಳ್ಮೆಯಿಂದಲೇ ಇದನ್ನೂ ಕಲಿಸೋಣ. ಕನ್ನಡದಲ್ಲಿ ಗಟ್ಟಿಯಾಗಿ ನೆಲೆನಿಂತ ಮಗುವಿಗೆ ಇಂಗ್ಲಿಷ್ ಎಟುಕದ ಹಣ್ಣಲ್ಲ.